ಲಿಫ್ಟಣ್ಣನ ಕೋಣೆಗಳು

ಲಿಫ್ಟಣ್ಣ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಲ್ಲೇ ಹೋದ. ತೊಡೆಯ ಮೇಲೆ ಚೀಲ, ಚೀಲದ ಮೇಲೆ ಎರಡೂ ಕೈ. ನಿದ್ದೆ ಹತ್ತಿದೆ ಎಂದುಕೊಂಡು ಪಕ್ಕದವರು ಬಸ್ಸು ಬಂದಾಗ ಭುಜ ಹಿಡಿದು ಅಲುಗಿಸಿದರಂತೆ. ಓದಕ್ಕನಿಗೆ ಈ ಅಂತೆಕಂತೆಗಳೆಲ್ಲ ಆಮೇಲೆ ಒಬ್ಬೊಬ್ಬರಿಂದ ಸಿಕ್ಕವು. ಎಲ್ಲವನ್ನೂ ಹೂಂ ಹೂಂ ಎಂದು ಕೇಳಿಸಿಕೊಂಡಳು. ಮಣ್ಣಿಗೆ ಹೋಗಿ ಬಂದಳು. ಮನೆಗೆ ಬಂದು, ಅಡುಗೆಮನೆಯ ನಲ್ಲಿ ಸೋರುತ್ತಿದೆ ನೋಡಿ ಎಂದು ಗಂಡನಿಗೆ ಹೇಳಿದಳು. ಮಾರನೆಯ ದಿನ ಎಂದಿನಂತೆ ಕೆಲಸಕ್ಕೆ ಹೋದಳು. ಅಳು ಬರಲಿಲ್ಲ. ಬರಬೇಕಿತ್ತಲ್ಲ ಎಂದು ಒಂದೆರಡು ಸಲ ಅನ್ನಿಸಿತು, ಅಷ್ಟೇ.

ಗ್ರಂಥಾಲಯದ ಮೇಲಿನ ಮಹಡಿಯಲ್ಲಿ, ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಪುಟ್ಟ ಕೋಣೆಯಲ್ಲಿ ಕೂತು ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವುದು ಅವಳ ಕೆಲಸ. ಕಣ್ಣು ಕಾಣದವರಿಗಾಗಿ ಆ ಓದು. ಅದಕ್ಕೇ ಅವಳು ಎಲ್ಲರ ಬಾಯಲ್ಲಿ ಓದಕ್ಕ. ಸಂಬಳದ ದಿನ ಬಿಟ್ಟರೆ ಅವಳ ನಿಜವಾದ ಹೆಸರು ಅಲ್ಲಿ ಯಾರಿಗೂ ಬೇಕಾಗುತ್ತಿರಲಿಲ್ಲ. ಅವಳ ಓದನ್ನು ಕೇಳುಗರಿಗೆ ಮುಟ್ಟಿಸುವ ಕಂಪ್ಯೂಟರ್ ಲಿಫ್ಟಣ್ಣನ ಸುಪರ್ದಿಯಲ್ಲಿತ್ತು. ಮನೆಯಿಂದಲೇ ಗ್ರಂಥಾಲಯಕ್ಕೆ ಫೋನ್ ಮಾಡಿ, ಬೇಕಾದ ಪುಸ್ತಕದ ಅಂಕಿ ಒತ್ತಿದರೆ ಓದು ಶುರುವಾಗುತ್ತಿತ್ತು. ಕರೆ ಎತ್ತಿ, ಪುಸ್ತಕ ಹುಡುಕಿ, ಕಿವಿಗೆ ಹಾಕುವ ತಂತ್ರಾಂಶಕ್ಕೆ ಸರ್ವರ್ ಎನ್ನುತ್ತಾರೆ. "ಹೋಟೆಲಿನ ಮಾಣಿ ಇದ್ದ ಹಾಗೆ ಕಣೇ. ಕೇಳಿದ್ದನ್ನ ತಂದಿಡ್ತಾನೆ. ಯಾರೂ ಕೇಳದಿದ್ರೆ ಗೋಡೆಗೆ ಒರಗಿ ನಿಂತಿರ್ತಾನೆ" ಎಂದು ಲಿಫ್ಟಣ್ಣ ಹೇಳುತ್ತಿದ್ದ.

ಅವನು ಹೋದ ಬೆನ್ನಿಗೇ ಆ ಮಾಣಿಯೂ ಮಲಗಿದ. ಕರೆಂಟು ಹೋಗಿ ಬಂದು, ಬಂದು ಹೋಗಿ ಆಟವಾಡಿದ ಒಂದು ಮಧ್ಯಾಹ್ನ ಕಂಪ್ಯೂಟರ್ ಆರಿತು. ಮತ್ತೆ ಹಾಕಿದಾಗ ಕೆಳಗಿನ ಕೌಂಟರಿನಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ವ್ಯವಸ್ಥೆ ಎದ್ದಿತು. ಧ್ವನಿಯ ಸರ್ವರ್ ಏಳಲಿಲ್ಲ. ಅದರ ಫೈಲುಗಳು ರಿಪೇರಿಗೆ ಸಿಗದಷ್ಟು ಕೆಟ್ಟಿದ್ದವು. ರೆಕಾರ್ಡಿಂಗುಗಳು ಬೇರೆ ಡಿಸ್ಕಿನಲ್ಲಿದ್ದ ಕಾರಣ ಬಚಾವಾದವು.

ಗ್ರಂಥಪಾಲಕರು ಅವಳನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಮೇಲಿನವರು ಗದರಿದರೆ ಕೆಳಗಿನವರ ಹತ್ತಿರ ಕ್ಷಮೆ ಕೇಳುವ ಸ್ವಭಾವ.

"ನೋಡಮ್ಮ, ಈ ವಾರದೊಳಗೆ ಶುರುವಾದ್ರೆ ಸರಿ. ಇಲ್ದಿದ್ರೆ ಆ ಡಿಸ್ಕನ್ನ ಕಳಿಸಿಕೊಡಿ ಅಂತಿದಾರೆ ಮುಖ್ಯ ಕಚೇರಿಯೋರು. ಫೋನ್ ಲೈನೂ ತೆಗೆಸ್ತಾರಂತೆ."

"ಅಲ್ಲಿಂದ ನಡೆಸ್ತಾರಾ ಸರ್?"

"ಇಟ್ಕೋತಾರೆ."

ಇಟ್ಟುಕೊಳ್ಳುವುದೆಂದರೇನು ಎಂದು ಇಬ್ಬರಿಗೂ ಗೊತ್ತಿತ್ತು. ಮುಖ್ಯ ಕಚೇರಿಯ ಉಗ್ರಾಣಕ್ಕೆ ಹೋದ ಹಳೆಯ ಭೂಪಟಗಳೂ ಹೀಗೆಯೇ ಹೋಗಿ ಮತ್ತೆ ಬಂದಿರಲಿಲ್ಲ. ಡಿಸ್ಕು ಹೋದರೆ ಓದೂ ಹೋಯಿತು. ಮನೆಯಲ್ಲಿ ಫೋನ್ ಹಿಡಿದು ಕೂತ ಅಷ್ಟೂ ಜನಕ್ಕೆ ಬಾಗಿಲು ಹಾಕಿದ ಹಾಗೆ.

"ನಾನು ಹಾಕ್ತೀನಿ ಸರ್."

"ನಿಂಗೆ ಬರುತ್ತಾ?"

"ನೋಡಿದೀನಿ."

ನೋಡಿದ್ದು ಸುಳ್ಳಲ್ಲ. ಲಿಫ್ಟಣ್ಣ ಹುಟ್ಟಾ ಕಂಪ್ಯೂಟರಿನವನಲ್ಲ. ಅರ್ಧ ಆಯುಷ್ಯ ಲಿಫ್ಟು ಓಡಾಡುವ ಆಳದ ಗುಂಡಿಗಳಲ್ಲಿ ಕಳೆದವನು. ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ, ಗ್ರೀಸು ಮೆತ್ತಿದ ಹಗ್ಗಗಳ ನಡುವೆ ತೂಗಾಡುತ್ತ ಕೆಲಸ. ಮಂಡಿ ಸವೆದ ಮೇಲೆ ಈ ಗ್ರಂಥಾಲಯದ ಒಂದೇ ಒಂದು ಲಿಫ್ಟನ್ನು ನೋಡಿಕೊಳ್ಳಲು ಬಂದ. ಕಂಪ್ಯೂಟರ್ ಬಂದ ವರ್ಷ ಅದನ್ನು ಯಾರು ನೋಡಿಕೊಳ್ಳಬೇಕೆಂದು ಮಾತಾಯಿತು. ಆಗಿನ ಗ್ರಂಥಪಾಲಕರು, "ವೈರು ಇರೋದೆಲ್ಲ ನಿಂದೇ ಅಲ್ವೇನಯ್ಯ?" ಎಂದರು. ಅವನು ತಲೆ ಕೆರೆದುಕೊಂಡ. "ಹಂಗಂದ್ರೆ ಬಟ್ಟೆ ಒಣಗಿಸೋ ತಂತೀನೂ ನಂದೇನಾ ಸಾರ್?" ಎಂದು ಕೇಳಿದ. ಅಲ್ಲಿಗೆ ನೇಮಕ ಮುಗಿಯಿತು.

ದಪ್ಪ ಪುಸ್ತಕ ಕಂಡರೆ ಅವನಿಗೆ ತೂಕಡಿಕೆ. ಆದ್ದರಿಂದ ಕಂಪ್ಯೂಟರಿನ ಕೈಪಿಡಿಗಳನ್ನು ಓದಕ್ಕನೇ ಗಟ್ಟಿಯಾಗಿ ಓದಬೇಕಿತ್ತು. ಅವಳು ಓದುವುದು, ಅವನು ಎರಡು ಬೆರಳಿನಲ್ಲಿ ಕುಟ್ಟುವುದು. ಅವಳು ಒಂದು ಸಾಲು ಓದಿದರೆ ಅವನದು ಒಂದು ಬೈಗುಳ. "ಇದನ್ನ ಬರೆದೋನಿಗೆ ಹೆಂಡ್ತಿಮಕ್ಕಳು ಇಲ್ವೇನೆ? ಒಂದು ಸಾಲಾದ್ರೂ ಮನುಷ್ಯರ ಥರ ಬರೀಬಾರ್ದಾ?" ಕಲಿತದ್ದು ನಿಧಾನ, ಮರೆತದ್ದು ಬೇಗ. ಮರೆತಾಗ ಮತ್ತೆ ಅವಳನ್ನು ಕರೆಯುತ್ತಿದ್ದ. ಓದುವುದೇ ಕಸುಬಾದ್ದರಿಂದ ಅವಳು ಬೇಸರಿಸಿಕೊಳ್ಳಲಿಲ್ಲ. ಹೀಗೆ ಅರ್ಥವಾಗದ ಪುಟಗಳು ಅವಳಿಗೆ ಬಾಯಿಪಾಠವಾದವು.

ಮೊದಮೊದಲು ಅವನು ಎಲ್ಲವನ್ನೂ ಒಂದೇ ಜಾಗದಲ್ಲಿ ತುಂಬಿದ್ದ. ಕೌಂಟರಿನ ತಂತ್ರಾಂಶವೂ ಧ್ವನಿಯ ಸರ್ವರೂ ಒಂದೇ ಒಲೆಗೆ ನಿಂತ ಇಬ್ಬರು ಸೊಸೆಯರಂತೆ ದಿನಾ ಜಗಳ. ಒಬ್ಬಳಿಗೆ ಹೊಸ ಪಾತ್ರೆ ತಂದರೆ ಇನ್ನೊಬ್ಬಳ ಅಡುಗೆ ಸೀಯುತ್ತಿತ್ತು. ಕೊನೆಗೆ ಕೈಪಿಡಿಯ ಹಿಂದಿನ ಪುಟಗಳಲ್ಲಿ ಉಪಾಯ ಸಿಕ್ಕಿತು. ಒಂದೇ ಯಂತ್ರದೊಳಗೆ ಗೋಡೆ ಕಟ್ಟಿದ ಬೇರೆ ಬೇರೆ ಜಾಗ ಮಾಡಬಹುದು. ಒಳಗೆ ಹಾಕಿದ ತಂತ್ರಾಂಶಕ್ಕೆ ಹೊರಗೇನಿದೆ ಎಂದು ಕಾಣುವುದಿಲ್ಲ; ಅದು ಕೆಟ್ಟರೆ ತನ್ನ ಗೋಡೆಯೊಳಗೇ ಕೆಡುತ್ತದೆ. ಕೈಪಿಡಿಯಲ್ಲಿ ಅದರ ಹೆಸರು ಜೈಲು. ಲಿಫ್ಟಣ್ಣನಿಗೆ ಆ ಹೆಸರು ಹಿಡಿಸಲಿಲ್ಲ. "ಪಾಪ, ಅದೇನು ತಪ್ಪು ಮಾಡಿದೆ ಅಂತ ಜೈಲು? ಕೋಣೆ ಅನ್ನು. ಬಾವಿಯೊಳಗಿನ ಕಪ್ಪೆ ಥರ ತನ್ನ ಪಾಡಿಗೆ ತಾನಿರ್ಲಿ. ಅದಕ್ಕೆ ಅದೇ ಪ್ರಪಂಚ, ನಮಗೆ ನೆಮ್ಮದಿ."

ಕೋಣೆಗಳು ಬಂದ ಮೇಲೆ ಹೊಸ ಅಪಾಯವೂ ಬಂತು. ಒಳಗೆ ಹೊಕ್ಕು ಕೆಲಸ ಮಾಡುವಾಗಲೂ ಹೊರಗೆ ನಿಂತು ಮಾಡುವಾಗಲೂ ಪರದೆ ಅದೇ ಕಪ್ಪು, ಅಕ್ಷರ ಅದೇ ಬಿಳುಪು. ಒಳಗಿದ್ದೇನೆಂದುಕೊಂಡು ಹೊರಗೆ ಏನಾದರೂ ಅಳಿಸಿದರೆ, ಅಲ್ಲೇ ಉಳಿದಿದ್ದ ಕೌಂಟರಿನ ತಂತ್ರಾಂಶದ ಸಮೇತ ಮನೆಯೇ ಹೋಯಿತು. ಆದ್ದರಿಂದ ಹೊರಗಿದ್ದಾಗ ಪರದೆಯಲ್ಲಿ ಟೈಪ್ ಮಾಡುವ ಸಾಲಿನ ತಲೆಯಲ್ಲಿ 'ಮನೆ' ಎಂದೂ, ಒಳಗಿದ್ದಾಗ 'ಧ್ವನಿ' ಎಂದೂ ಕಾಣುವಂತೆ ಮಾಡಿದ. ಅಷ್ಟು ಸಾಲದೆಂದು ತನ್ನ ಹಳೆಯ ಕಸುಬಿನ ಪದ್ಧತಿಯೊಂದನ್ನು ತಂದ. ಲಿಫ್ಟಿನ ಕೆಲಸಕ್ಕೆ ಯಾವಾಗಲೂ ಜೋಡಿ. ಒಬ್ಬ ಗುಂಡಿಗೆ ಇಳಿದರೆ ಇನ್ನೊಬ್ಬ ಸ್ವಿಚ್ಚಿನ ಹತ್ತಿರ. ಸ್ವಿಚ್ಚಿನವನು ಮುಟ್ಟುವ ಮುಂಚೆ "ಒಳಗೋ ಹೊರಗೋ?" ಎಂದು ಕೂಗಬೇಕು, ಉತ್ತರ ಬರುವ ತನಕ ಕೈ ಜೇಬಿನಲ್ಲಿರಬೇಕು. ಒಮ್ಮೆ ಅವನ ಜೋಡಿಯವನು ಕೇಳದೆ ಸ್ವಿಚ್ಚು ಹಾಕಿದ್ದ. ಲಿಫ್ಟಣ್ಣ ಗುಂಡಿಯ ತಳಕ್ಕೆ ಅಂಟಿ ಮಲಗಿದ. ಮೇಲಿಂದ ಬಂದ ಲಿಫ್ಟು ಅಂಗಿಯ ಬೆನ್ನು ಹರಿದು ನಿಂತಿತು. "ಆ ಅಂಗೀನ ದರ್ಜಿ ಹತ್ರ ತಗೊಂಡು ಹೋದೆ. ಇಲಿ ಕಡಿದಿದ್ಯಾ ಅಂತ ಕೇಳ್ದ" ಎಂದು ನಗುತ್ತಿದ್ದ.

ಹಾಗಾಗಿ ಅವನು ಕೋಣೆಯ ಕೆಲಸಕ್ಕೆ ಕೂತಾಗ ಓದಕ್ಕ ಹಿಂದೆ ನಿಂತಿರಬೇಕು. ಅವನ ಬೆರಳು ಎಂಟರ್ ಗುಂಡಿಯ ಮೇಲೆ ಹೋದಾಗ ಅವಳು, "ಒಳಗೋ ಹೊರಗೋ?" ಎನ್ನಬೇಕು. ಅವನು "ಒಳಗೆ" ಎಂದ ಮೇಲೆ ಒತ್ತಬೇಕು. ಎಷ್ಟೋ ವರ್ಷ ಹೀಗೇ ನಡೆಯಿತು. ಕೆಳಗಿನ ಕೌಂಟರಿನವನು ಮೇಲೆ ಬಂದಾಗೆಲ್ಲ ಛೇಡಿಸುತ್ತಿದ್ದ: "ಏನಕ್ಕಾ, ನೀವಿಬ್ರೂ ಕಬಡ್ಡಿ ಆಡ್ತಿದೀರೋ ಕಂಪ್ಯೂಟರ್ ನೋಡ್ತಿದೀರೋ?"

ಈಗ ಅವನ ಕುರ್ಚಿಯಲ್ಲಿ ಅವಳು ಕೂತಳು. ಕುರ್ಚಿ ಎತ್ತರವಾಯಿತು, ಇಳಿಸಲು ಹೋಗಲಿಲ್ಲ. ಕೈಪಿಡಿ ತೆರೆದು ತನಗೆ ತಾನೇ ಓದಿಕೊಂಡಳು. ಮೊದಲು ಖಾಲಿ ಕೋಣೆ ಕಟ್ಟಬೇಕು. ಕಟ್ಟಿದಳು. ಅದಕ್ಕೊಂದು ವಿಳಾಸ ಕೊಡಬೇಕು. ಕೊಟ್ಟಳು. ರೆಕಾರ್ಡಿಂಗುಗಳ ಡಿಸ್ಕಿನ ಕಡೆಗೆ ಒಂದು ಕಿಟಕಿ ಇಡಬೇಕು, ಸರ್ವರ್ ಅಲ್ಲಿಂದ ನೋಡಬಹುದು, ಮುಟ್ಟಬಾರದು. ಇಟ್ಟಳು. ಇನ್ನು ಒಳಗೆ ಹೊಕ್ಕು ಸರ್ವರನ್ನು ಹಾಕಬೇಕು. ಹೊಕ್ಕಳು. ಅಷ್ಟರಲ್ಲಿ ಗ್ರಂಥಪಾಲಕರು ಬಾಗಿಲಲ್ಲಿ ನಿಂತು, "ಅವರಿದ್ದಿದ್ರೆ..." ಎಂದು ಶುರುಮಾಡಿ, ಮುಗಿಸದೆ ಹೋದರು. ಆ ಹೊತ್ತಿಗೆ ಯಾವುದೋ ವಿವರ ನೋಡಲೆಂದು ಅವಳು ಯಂತ್ರದ ಆ ಕೋಣೆಯಿಂದ ಮತ್ತೆ ಹೊರಗೆ ಬಂದಿದ್ದಳು. ಬಂದದ್ದು ಮರೆತಳು.

ಆದೇಶ ಟೈಪ್ ಮಾಡಿದಳು. ಬೆರಳು ಎಂಟರ್ ಗುಂಡಿಯ ಮೇಲೆ ಹೋಯಿತು. ಬಾಯಿ ತಾನಾಗಿಯೇ ಕೇಳಿತು:

"ಒಳಗೋ ಹೊರಗೋ?"

ಹಿಂದೆ ಯಾರೂ ಇರಲಿಲ್ಲ. ಉತ್ತರವನ್ನೂ ಅದೇ ಬಾಯಿ ಕೊಟ್ಟಿತು.

"ಒಳಗೆ."

ಒತ್ತಿದಳು.

ಪರದೆಯ ಮೇಲೆ ಸಾಲುಗಳು ಸರಸರ ಹರಿದವು. ಕೊಟ್ಟ ಆದೇಶ ಅಷ್ಟು ಚೆನ್ನಾಗಿ ನಡೆಯುವುದನ್ನು ನೋಡುತ್ತ ಅವಳು ಸುಮ್ಮನೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ದಡದಡ ಸದ್ದು. ಕೌಂಟರಿನವನು ಏದುಸಿರು ಬಿಡುತ್ತ ಬಂದ.

"ಅಕ್ಕಾ, ಏನ್ಮಾಡಿದ್ರಿ? ಕೆಳಗೆ ಎಲ್ಲ ನಿಂತೋಗಿದೆ. ಪುಸ್ತಕ ಕೊಡಕ್ಕೂ ಆಗ್ತಿಲ್ಲ, ತಗೊಳ್ಳಕ್ಕೂ ಆಗ್ತಿಲ್ಲ. ಬಾಗಿಲ ತನಕ ಜನ!"

ಆಗ ಅವಳು ಸಾಲಿನ ತಲೆಯನ್ನು ನೋಡಿದಳು. 'ಮನೆ' ಎಂದಿತ್ತು. ಹೊಸ ಸರ್ವರ್ ಹೊರಗೇ ಕೂತು, ತನಗೆ ಬೇಕಾದ ಹೊಸ ಸಾಮಾನುಗಳನ್ನು ತರಿಸಿಕೊಂಡು, ಕೌಂಟರಿನ ತಂತ್ರಾಂಶ ನಂಬಿಕೊಂಡಿದ್ದ ಹಳೆಯವನ್ನು ಎತ್ತಿ ಎಸೆದಿತ್ತು.

ಅಂಥ ತಪ್ಪಿಗೆ ಹೆದರಿಕೆಯಾಗಬೇಕು. ಅವಳಿಗೆ ಆಗಲಿಲ್ಲ. ನೆನಪಾದದ್ದು ಬೇರೆ. ಪ್ರತಿಸಲ ಅವಳು ಕೇಳಿದಾಗಲೂ ಲಿಫ್ಟಣ್ಣ ತಟ್ಟನೆ ಉತ್ತರ ಕೊಡುತ್ತಿರಲಿಲ್ಲ. ಒಂದು ಗಳಿಗೆ ತಡೆಯುತ್ತಿದ್ದ. ಸತಾಯಿಸುತ್ತಿದ್ದಾನೆ ಎಂದುಕೊಂಡು ಅವಳು, "ಬೇಗ ಹೇಳೋ ಮಹಾರಾಯ, ನಂಗೆ ಓದೋದಿದೆ" ಎನ್ನುತ್ತಿದ್ದಳು. ಆ ಗಳಿಗೆಯಲ್ಲಿ ಅವನು ಸಾಲಿನ ತಲೆಯನ್ನು ನೋಡುತ್ತಿದ್ದ. ಅವಳು ಪ್ರಶ್ನೆ ಕಲಿತಿದ್ದಳು, ಉತ್ತರ ಕಲಿತಿದ್ದಳು. ನಡುವಿನ ನೋಟ ಅವಳಿಗೆ ಬೆನ್ನ ಹಿಂದಿನಿಂದ ಕಂಡಿರಲಿಲ್ಲ.

ಆ ದಿನವೆಲ್ಲ ಬಿದ್ದದ್ದನ್ನು ಎತ್ತುವುದರಲ್ಲಿ ಹೋಯಿತು. ಯಂತ್ರ ತಾನು ಬದಲಿಸಿದ್ದನ್ನೆಲ್ಲ ತನ್ನಷ್ಟಕ್ಕೆ ಬರೆದಿಟ್ಟುಕೊಂಡಿತ್ತು. ಅದನ್ನು ನೋಡಿಕೊಂಡು ಹೊಸದನ್ನು ತೆಗೆದು, ಹಳೆಯದನ್ನು ಒಂದೊಂದಾಗಿ ವಾಪಸು ಇಟ್ಟಳು. ಕೌಂಟರಿನವನು ಕೆಳಗೆ ಚೀಟಿ ಬರೆದು ಜನರನ್ನು ಸಂಭಾಳಿಸಿದ. ಗ್ರಂಥಾಲಯ ಮುಚ್ಚುವ ಹೊತ್ತಿಗೆ ಕೌಂಟರ್ ಎದ್ದಿತು. ಗ್ರಂಥಪಾಲಕರು ಬೈಯಲಿಲ್ಲ, ಅದು ಬೈದದ್ದಕ್ಕಿಂತ ಕಷ್ಟ. "ಸಾಕಮ್ಮ, ಬಿಟ್ಬಿಡು. ಒಂದನ್ನ ಉಳಿಸಕ್ಕೆ ಹೋಗಿ ಇನ್ನೊಂದನ್ನೂ ಕಳ್ಕೊಳ್ಳೋದು ಬೇಡ. ನಾಳೆಗೆ ವಾರ ಮುಗಿಯುತ್ತೆ, ಸಂಜೆ ಡಿಸ್ಕನ್ನ ಕಟ್ಟಿಸಿಬಿಡೋಣ" ಎಂದರು.

"ನಾಳೆ ಸಂಜೆ ತನಕ ಇದೆಯಲ್ಲ ಸರ್" ಎಂದಳು. ತನ್ನ ದನಿ ಎಲ್ಲಿಂದಲೋ ಬಂದಂತೆ ಕೇಳಿಸಿತು.

ಮನೆಯಲ್ಲಿ ಗಂಡ ಕೇಳಿದ, "ಊಟ ಮಾಡಿದ್ಯಾ?"

"ಮಾಡಿದೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೇನೆ? ಹೊಟ್ಟೆ ನಿಂದಾ ಪಕ್ಕದ ಮನೆಯವರದಾ?" ಎಂದು ಅವನು ತಟ್ಟೆ ತಂದಿಟ್ಟ. ಅವಳು ಉಂಡಳು. ಉಪ್ಪು ಜಾಸ್ತಿಯಾಗಿತ್ತೆಂದು ಅವನೇ ಆಮೇಲೆ ಹೇಳಿದ, ಅವಳಿಗೆ ಗೊತ್ತಾಗಿರಲಿಲ್ಲ.

ಬೆಳಿಗ್ಗೆ ಅವಳು ಮತ್ತೆ ಕುರ್ಚಿಗೆ ಕೂತಾಗ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು, ಲಿಫ್ಟಣ್ಣನ ಹೆಂಡತಿ. ಕೈಯಲ್ಲಿ ಗ್ರಂಥಾಲಯದ ಬೀಗದ ಕೈಗೊಂಚಲು.

"ಇದನ್ನ ಕೊಟ್ಟು ಹೋಗೋಣ ಅಂತ ಬಂದೆ. ಮನೇಲಿ ಕೂರಕ್ಕಾಗ್ತಿಲ್ಲ ಕಣೆ. ಬಂದೋರೆಲ್ಲ ನನ್ನ ಮುಖ ನೋಡ್ಕೊಂಡು ಕೂತಿರ್ತಾರೆ, ನಾನು ಯಾವಾಗ ಅಳ್ತೀನೋ ಅಂತ. ಟಿಕೆಟ್ ತಗೊಂಡು ಬಂದೋರ ಥರ."

"ಕೂತ್ಕೊಳ್ಳಿ ಅತ್ತಿಗೆ."

ಅತ್ತಿಗೆ ಹಿಂದಿನ ಸ್ಟೂಲಿನ ಮೇಲೆ ಕೂತರು. ಸುತ್ತ ನೋಡಿದರು. "ಇಲ್ಲೇ ಕೂತಿರ್ತಿದ್ರಾ ದಿನವೆಲ್ಲ? ಮನೆಗೆ ಮಾರಿ, ಊರಿಗೆ ಉಪಕಾರಿ. ನಮ್ಮನೆ ಕರೆಗಂಟೆ ಕೆಟ್ಟು ಎಷ್ಟು ಕಾಲವಾಯ್ತು ಗೊತ್ತಾ? ನಾಳೆ ನಾಳೆ ಅಂತಿದ್ರು. ಈಗ ಬರೋರೆಲ್ಲ ಬಾಗಿಲು ಬಡೀತಾರೆ, ಎದೆ ಧಸಕ್ ಅನ್ನುತ್ತೆ."

ಓದಕ್ಕ ಅವರ ಕಡೆ ತಿರುಗಿದಳು. ಆಮೇಲೆ ಕೇಳಿದಳು, "ಅತ್ತಿಗೆ, ನಂಗೊಂದು ಸಹಾಯ ಮಾಡ್ತೀರಾ? ನಾನು ಈ ಗುಂಡಿ ಒತ್ತೋ ಮುಂಚೆ ಪ್ರತಿಸಲ 'ಒಳಗೋ ಹೊರಗೋ' ಅಂತ ಕೇಳ್ಬೇಕು ನೀವು."

ಅತ್ತಿಗೆ ಅವಳನ್ನೇ ನೋಡಿದರು. "ಇಲ್ಲೂ ಅದೇನಾ? ಮನೇಲೂ ಇದೇ ಗೋಳು! ಬಚ್ಚಲ ದೀಪ ಆರಿಸಕ್ಕೆ ಮುಂಚೆ ಮನೆ ಹಾರಿಹೋಗೋ ಹಾಗೆ ಕೂಗ್ತಿದ್ರು, ಒಳಗೋ ಹೊರಗೋ ಅಂತ. ಒಳಗಿದ್ದು ಹೇಗಪ್ಪಾ ಹೊರಗೆ ಅನ್ನಲಿ?" ತುಟಿ ಸ್ವಲ್ಪ ಅಲುಗಿತು. "ಸರಿ, ಕೇಳ್ತೀನಿ. ನಂಗೇನು, ಸ್ಟೂಲ್ ಕೊಟ್ಟಿದೀಯಲ್ಲ."

ಓದಕ್ಕ ಕೋಣೆಯೊಳಗೆ ಹೊಕ್ಕಳು. ಆದೇಶ ಟೈಪ್ ಮಾಡಿದಳು.

"ಒಳಗೋ ಹೊರಗೋ?"

"ಒಳಗೆ."

"ನನ್ನ ಮುಖ ನೋಡ್ಕೊಂಡು ಹೇಳ್ತೀಯಲ್ಲೇ. ಅದನ್ನ ನೋಡಿ ಹೇಳು."

ಓದಕ್ಕ ತಿರುಗಿ ಸಾಲಿನ ತಲೆಯನ್ನು ನೋಡಿದಳು. 'ಧ್ವನಿ.' "ಒಳಗೆ ಅತ್ತಿಗೆ." ಒತ್ತಿದಳು. ಸಾಲುಗಳು ಹರಿದವು. ಕೆಳಗೆ ಕೌಂಟರಿನ ಮುದ್ರೆ ಟಪ್ ಟಪ್ ಎನ್ನುತ್ತಲೇ ಇತ್ತು. ಮುಂದಿನದು, ಅದರ ಮುಂದಿನದು. ಅತ್ತಿಗೆ ಕೇಳುತ್ತ ಹೋದರು. ನಡುವೆ ಒಮ್ಮೆ ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೇಳಿದರು, ಒಮ್ಮೆ ಆಕಳಿಸುತ್ತ ಕೇಳಿದರು. ಒಂದೊಂದು ಸಲವೂ ಓದಕ್ಕ ನೋಡಿ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಸರ್ವರ್ ಎದ್ದು ನಿಂತಿತು.

ಪರೀಕ್ಷೆಗೆಂದು ಅತ್ತಿಗೆಯ ಮೊಬೈಲಿನಿಂದ ಫೋನ್ ಮಾಡಿದರು. ಅಂಕಿ ಒತ್ತಿದರು. ಓದಕ್ಕನ ದನಿ ಒಂದು ಕತೆಯ ಹೆಸರು ಹೇಳಿತು.

"ಎದುರಿಗಿದ್ದಾಗ ಇಷ್ಟು ಇಂಪಾಗಿ ಮಾತಾಡಲ್ಲ ನೀನು" ಎಂದರು ಅತ್ತಿಗೆ. ಎದ್ದು ಕೈಗೊಂಚಲನ್ನು ಮೇಜಿನ ಮೇಲಿಟ್ಟರು. "ಬರ್ತೀನಿ. ಬಾಗಿಲು ಬಡಿಯೋರು ಕಾಯ್ತಿರ್ತಾರೆ."

ಗ್ರಂಥಪಾಲಕರು ಬಂದು ಫೋನ್ ಕಿವಿಗಿಟ್ಟು ಕೇಳಿದರು. ತುಂಬಾ ಹೊತ್ತು ಕೇಳಿದರು. ಆಮೇಲೆ ತಮ್ಮ ಕೋಣೆಗೆ ಹೋಗಿ, ಡಿಸ್ಕು ಕಳಿಸುವುದಿಲ್ಲವೆಂದು ಮುಖ್ಯ ಕಚೇರಿಗೆ ತಿಳಿಸಿದರು.

ಒಂದು ಸಂಗತಿ ಮಾತ್ರ ಉಳಿದಿರಲಿಲ್ಲ. ಯಾವ ಕೇಳುಗರು ಯಾವ ಪುಸ್ತಕವನ್ನು ಎಲ್ಲಿಗೆ ನಿಲ್ಲಿಸಿದ್ದರೆಂಬ ಗುರುತುಗಳು ಹಳೆಯ ಕೋಣೆಯ ಒಳಗಿದ್ದವು. ಕೋಣೆಯ ಜೊತೆಗೇ ಹೋಗಿದ್ದವು. ಈಗ ಎಲ್ಲರಿಗೂ ಎಲ್ಲ ಪುಸ್ತಕವೂ ಮೊದಲ ಪುಟದಿಂದ. ಇದಕ್ಕೆ ಕೈಪಿಡಿಯಲ್ಲಿ ಉಪಾಯವಿರಲಿಲ್ಲ.

ಸಂಜೆಗೆ ಮುಂಚೆಯೇ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ದೂರು ಹೇಳುವವರಿಗಾಗಿ ಇದ್ದ ಫೋನ್ ಅದು. ಮೊದಲ ಕರೆ ಹಿಂದೆ ಬಸ್ ಓಡಿಸುತ್ತಿದ್ದ ಅಜ್ಜನದು. ಕಣ್ಣು ಹೋದ ಮೇಲೆ ಕಿವಿಯನ್ನೇ ನೆಚ್ಚಿಕೊಂಡವರು.

"ಏನಮ್ಮಾ ಇದು ಅನ್ಯಾಯ! ಇಷ್ಟು ದಿನ ಬರೀ ಗಂಟೆ ಹೊಡೀತಿತ್ತು. ಇವತ್ತು ಎತ್ತಿದ್ರೆ ಶುರುವಿಂದ ಬರ್ತಿದೆ. ಊರು ಮುಟ್ಟೋ ಹೊತ್ತಿಗೆ ಗಾಡೀನ ವಾಪಸು ಡಿಪೋಗೆ ತಂದು ನಿಲ್ಸಿದಂಗೆ!"

"ತಪ್ಪಾಯ್ತು ಅಜ್ಜ. ಎಲ್ಲಿಗೆ ನಿಂತಿತ್ತು ಹೇಳಿ, ಅಲ್ಲಿಂದ ಹಾಕ್ತೀನಿ."

"ಪುಟ ಗಿಟ ನಂಗೇನು ಗೊತ್ತಮ್ಮ? ಆ ಹೆಂಗಸು ಇದಾಳಲ್ಲ, ಅಕ್ಕನ್ನ ಹುಡುಕ್ಕೊಂಡು ಹೊರಟೋಳು? ದೋಣಿ ಇಳಿದ್ಲು. ದಡದಲ್ಲಿ ಒಬ್ಬ ಬಲೆ ಹೊಲೀತಾ ಕೂತಿದ್ದ. ಅವನನ್ನ ದಾರಿ ಕೇಳಿದ್ಲು. ಅವನು ಏನಂದ ಅಂತ ಕೇಳಿಲ್ಲ."

ಆ ಪುಟ ಅವಳಿಗೆ ಗೊತ್ತಿತ್ತು. ಓದಿದವಳು ಅವಳೇ. ಹುಡುಕಿ, ಬಲೆ ಹೊಲಿಯುವವನ ಮಾತು ಶುರುವಾಗುವಲ್ಲಿಗೆ ತಂದಿಟ್ಟಳು.

"ಸಿಕ್ತು ಅಜ್ಜ. ಹಾಕ್ಲಾ?"

"ಇರು ಇರು. ಮೊದ್ಲು ಆ ಲಿಫ್ಟಪ್ಪನಿಗೆ ಕೊಡು ಫೋನು. ಬೈದು ಎಷ್ಟು ದಿನವಾಯ್ತು. ಅವನೂ ಬೈಸಿಕೊಳ್ಳದೆ ಸೊರಗಿರ್ತಾನೆ."

ಇಷ್ಟು ದಿನ ಈ ಸುದ್ದಿಯನ್ನು ಅವಳಿಗೆ ಎಲ್ಲರೂ ಹೇಳಿದ್ದರು. ಅವಳು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾಗಿ ಬಂದಿರಲಿಲ್ಲ.

"ಅವರು ಇಲ್ಲ ಅಜ್ಜ."

"ಊಟಕ್ಕೆ ಹೋಗಿದಾನಾ?"

"ಇಲ್ಲ. ತೀರಿಕೊಂಡ್ರು."

ಅಜ್ಜನ ಮನೆಯ ಒಳಗೆಲ್ಲೋ ಯಾರೋ ಪಾತ್ರೆ ತೊಳೆಯುತ್ತಿದ್ದರು.

"ನಾನು ದಿನಾ ಫೋನ್ ಮಾಡ್ತಾನೇ ಇದ್ದೆ" ಎಂದರು ಅಜ್ಜ ಕೊನೆಗೆ. "ಎತ್ತಲಿಲ್ಲ ಅಂತ ಅವನನ್ನ ಬೈಕೋತಿದ್ದೆ."

"ಹೂಂ."

"ನಿಂಗೆ ಅಣ್ಣನಾಗಬೇಕಿತ್ತಾ ಅವನು?"

ಓದಕ್ಕ ಯೋಚಿಸಿದಳು. "ಹೂಂ ಅಜ್ಜ. ಅಣ್ಣ" ಎಂದಳು. ಬೇರೆ ಪದ ಸಿಗಲಿಲ್ಲ.

"ಪುಸ್ತಕ ಹಾಕಮ್ಮ" ಎಂದರು ಅಜ್ಜ. "ಇವತ್ತು ಕೇಳೋ ಮನಸ್ಸಿಲ್ಲ. ಆದ್ರೂ ಹಾಕು. ಓಡ್ತಿರ್ಲಿ."

ಅವಳು ಹಾಕಿದಳು. ತಕ್ಷಣ ಫೋನ್ ಇಡಲಿಲ್ಲ. ಬಲೆ ಹೊಲಿಯುವವನ ಮಾತನ್ನು ತನ್ನದೇ ದನಿ ಹೇಳುವುದನ್ನು ಸ್ವಲ್ಪ ಕೇಳಿದಳು. ಎಡಕ್ಕೆ ತಿರುಗಬೇಡ, ನೇರ ಹೋಗು, ಎನ್ನುತ್ತಿದ್ದ ಅವನು. ಓದುವ ಕೋಣೆಯ ಹೊರಗಿನ ಮೇಜಿನ ಮುಂದೆ ಲಿಫ್ಟಣ್ಣ ಕೂತಿದ್ದ ಯಾವುದೋ ಮಧ್ಯಾಹ್ನ ಓದಿದ್ದಿರಬೇಕು, ದನಿಯಲ್ಲಿ ಆಯಾಸವಿರಲಿಲ್ಲ.

ರಿಸೀವರ್ ಇಟ್ಟಳು. ಇಡುವುದನ್ನೇ ಕಾಯುತ್ತಿತ್ತೇನೋ ಎಂಬಂತೆ ಅದು ಮತ್ತೆ ಹೊಡೆದುಕೊಂಡಿತು. ಎತ್ತಿದಳು. ಯಾರೋ ಹೆಂಗಸಿನ ದನಿ, ದೂರು ಹೇಳುವ ಉತ್ಸಾಹದಲ್ಲಿತ್ತು.

"ಹೇಳಿ ಅಮ್ಮಾ" ಎಂದಳು ಓದಕ್ಕ, "ಎಲ್ಲಿಗೆ ನಿಂತಿತ್ತು?"